ಭಾವನ ಗೋಡೆಯ ಮೇಲಿನ ಮೊಣಕಾಲು

ನಮ್ಮ ಭಾವನಿಗೆ ಹನ್ನೊಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ನಡೆಯುವ ಯಾವ ಸಂಗತಿಯಲ್ಲೂ ಆಸಕ್ತಿಯಿಲ್ಲ. ಮದುವೆ, ಉಪನಯನ, ಸಂಗೀತ ಕಛೇರಿ, ಕ್ರಿಕೆಟ್ಟು, ಕೊನೆಗೆ ನಮ್ಮಕ್ಕನ ಮಾತು ಕೂಡ ಅವರ ಪ್ರಕಾರ 'ಬಹಳ ಎಳೀತಾರೆ'. ಆದರೆ ಅವರಿಗೆ ಪ್ರಿಯವಾದ ಆ ಒಂದು ಹನ್ನೊಂದು ಸೆಕೆಂಡಿನ ವಿಷಯ ಎತ್ತಿದಿರೋ, ಮೂರು ಗಂಟೆ ನಿಮ್ಮನ್ನು ಸೋಫಾದಿಂದ ಏಳಗೊಡುವುದಿಲ್ಲ! ನಾನು ಇಲ್ಲಿ ಅಮೆರಿಕದಲ್ಲಿ ಜೆರಿಕೋ ಎಂಬ ಊರಿಂದ ಸೇತುವೆಗಳನ್ನು ದಾಟಿ, ಟ್ರಾಫಿಕ್ಕಿನಲ್ಲಿ ಬೆಂದು, ಪಾರ್ಸಿಪನಿಯ ಅವರ ಮನೆಗೆ ಹೋಗುವುದು ಅಕ್ಕ ಮಾಡುವ ಮಜ್ಜಿಗೆಹುಳಿಯ ಆಸೆಗೆ. ಸಿಗುವುದು ಓಟ. ಹುಳಿ ಆಮೇಲೆ, ಆರಿದ ಮೇಲೆ.

ಯಾವ ಓಟ ಅನ್ನುತ್ತೀರಾ? ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಹಲವು ದೇಶಗಳು ಸೇರಿ ನಡೆಸಿದ ಕ್ರೀಡಾಕೂಟವೊಂದರಲ್ಲಿ ಗಂಡಸರ ನೂರು ಮೀಟರ್ ಓಟ. ಅದೂ ಫೈನಲ್ ಅಲ್ಲ, ಅದಕ್ಕೂ ಮೊದಲಿನ ಸುತ್ತು. ಆರು ಜನ ಓಡಿದರು. ಅವರಲ್ಲಿ ಒಬ್ಬರು ನಮ್ಮ ಭಾವನ ತಂದೆ. ಆಗ ಮೈಸೂರಿನಲ್ಲಿ ಗುಮಾಸ್ತರಾಗಿದ್ದ ಇಪ್ಪತ್ತಮೂರರ ಯುವಕ. ಮೊದಲ ಮೂವರ ಹೆಸರು ದಾಖಲೆಯಲ್ಲಿದೆ. ಉಳಿದ ಮೂವರದು ಇಲ್ಲ. ಯಾರು ನಾಲ್ಕನೆಯವರು, ಯಾರು ಆರನೆಯವರು, ಬರೆದಿಡುವ ವ್ಯವಧಾನ ಯಾರಿಗಿತ್ತು?

ಭಾವನಿಗೆ ಇತ್ತು. ಹತ್ತು ವರ್ಷದವರಿದ್ದಾಗ ಶಾಲೆಯಲ್ಲಿ ಯಾರೋ "ನಿಮ್ಮಪ್ಪ ಕೊನೇಲಿ ಬಂದ್ರಂತೆ ಕಣೋ" ಎಂದು ನಕ್ಕರಂತೆ. ಅಳುತ್ತ ಮನೆಗೆ ಬಂದು, "ಅಪ್ಪಾ, ನೀವು ಎಷ್ಟನೆಯವರು?" ಎಂದು ಕೇಳಿದರೆ ಅವರ ತಂದೆ "ಓಡಿದೆ ಕಣೋ" ಎಂದಷ್ಟೇ ಹೇಳಿ ಹೆಗಲಿಗೆ ಟವಲ್ ಹಾಕಿಕೊಂಡು ಸ್ನಾನಕ್ಕೆ ಹೋದರಂತೆ. ಅಪ್ಪ ಕೊನೆಯವರೋ ಅಲ್ಲವೋ? ಈ ಪ್ರಶ್ನೆ ಭಾವನ ಎದೆಯಲ್ಲಿ ಸಿಕ್ಕಿಕೊಂಡು ಅರವತ್ತು ವರ್ಷವಾಯಿತು.

ತಂದೆ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿ, ಪಂಚೆಗಳ ಕೆಳಗೆ, ನಾಲ್ಕು ಮಡಿಕೆಯ ಒಂದು ಪತ್ರಿಕೆಯ ತುಣುಕು ಸಿಕ್ಕಿತು. ಅದೇ ಸುತ್ತಿನ ಫೋಟೋ. ಓಟ ಮುಗಿಯುವಲ್ಲಿ ಕಟ್ಟಿದ ಉಣ್ಣೆಯ ದಾರಕ್ಕೆ ಎದೆಯೊಡ್ಡಿದವನೊಬ್ಬ, ಅವನ ಹಿಂದೆ ಗುರುತಿಲ್ಲದ ಮೂವರು, ಎಡಗಡೆಯ ಅಂಚಿನಲ್ಲಿ, ಎಲ್ಲರ ಹಿಂದೆ, ಒಂದು ಮೊಣಕಾಲು. ಬರೀ ಮೊಣಕಾಲು! ಅದರ ಒಡೆಯನ ಮಿಕ್ಕ ಮೈಯನ್ನು ಪತ್ರಿಕೆಯವರು ಕತ್ತರಿಸಿದ್ದರು.

"ಇದು ಅಪ್ಪನ ಮೊಣಕಾಲು. ಅಂದ್ರೆ ಅಪ್ಪ ಐದನೆಯವರು. ಆರನೆಯವನು ಇನ್ನೂ ಫೋಟೋದೊಳಗೇ ಬಂದಿಲ್ಲ," ಎಂದು ಭಾವ ತೀರ್ಪು ಕೊಟ್ಟರು.

"ಅದು ನಿಮ್ಮ ತಂದೇದೇ ಅಂತ ಹ್ಯಾಗೆ ಭಾವ?" ಎಂದು ನಾನು ಒಮ್ಮೆ ಬಾಯಿತಪ್ಪಿ ಕೇಳಿದೆ.

"ತಾವಿಲ್ಲದ ಫೋಟೋನ ಯಾರಾದ್ರೂ ಬೀರೂಲಿ ಇಟ್ಕೋತಾರೇನೆ?"

ಇದಕ್ಕೆ ಏನು ಹೇಳುತ್ತೀರಿ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೆ. ನಮ್ಮ ಭಾವನದು ಒಂದೇ ಮೊಣಕಾಲು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದರು. ದಿನಾ ಬೆಳಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಅದಕ್ಕೂ ಒಂದು ಸುತ್ತು. ಬಂದವರಿಗೆಲ್ಲ ಸ್ಕೇಲು ಕೊಟ್ಟು ಮೊಣಕಾಲಿಗೂ ದಾರಕ್ಕೂ ಎಷ್ಟು ದೂರ ಎಂದು ಅಳೆಸುತ್ತಿದ್ದರು. ಊರಿಂದ ಹೊಸದಾಗಿ ಬಂದ ಸಾಫ್ಟ್‌ವೇರ್ ಕನ್ಸಲ್ಟೆಂಟ್ ಹುಡುಗನೊಬ್ಬ, ಪಾಪ, "ಅಂಕಲ್ ಆರ್ಥೋಪೆಡಿಕ್ ಡಾಕ್ಟ್ರಾ ಆಂಟಿ?" ಎಂದು ಅಕ್ಕನನ್ನು ಕೇಳಿದ್ದ. ಅಕ್ಕ, "ಅಲ್ಲಪ್ಪ, ಪೇಷೆಂಟು" ಎಂದಳು.

ನಮ್ಮ ಕನ್ನಡ ಕೂಟದ ಬೇಸಿಗೆ ಪಿಕ್ನಿಕ್ಕಿನಲ್ಲಿ ಮಕ್ಕಳ ಓಟವನ್ನು ಇವರಿಗೆ ಒಪ್ಪಿಸಿದ್ದು ಕೂಟದವರ ತಪ್ಪು. ಲಿಂಬೆಹಣ್ಣು-ಚಮಚದ ಮಟ್ಟದ ಕೆಲಸ ಅದು. ಭಾವ ಅದನ್ನು ಆ ಹಳೆಯ ಕ್ರೀಡಾಕೂಟದ ಪದ್ಧತಿಯಲ್ಲೇ ನಡೆಸಲು ಹೊರಟರು. ಆಗಿನ ಕಾಲದಲ್ಲಿ ಎಷ್ಟೋ ಓಟಗಾರರು ಕಾಲೂರಲು ನೆಲದಲ್ಲಿ ಗುಳಿ ತೋಡಿಕೊಳ್ಳುತ್ತಿದ್ದರಂತೆ. ಇವರು ಪಾರ್ಕಿನ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅಕ್ಕನ ತುಳಸಿ ಕುಂಡದ ಕೈಸಲಿಕೆಯಿಂದ ಗುಳಿ ತೋಡಲು ಶುರುಮಾಡಿದರು. ಪಾರ್ಕಿನವನೊಬ್ಬ ಗಾಬರಿಯಾಗಿ ಬಂದು, "ಸರ್, ವಾಟ್ ಆರ್ ಯು ಬೆರಿಯಿಂಗ್?" ಎಂದ, ಏನನ್ನೋ ಹೂಳುತ್ತಿದ್ದಾರೆ ಅಂದುಕೊಂಡು. ಇಡೀ ಕೂಟ ಬೇರೆ ಕಡೆ ತಿರುಗಿ ಪುಳಿಯೋಗರೆ ತಿನ್ನತೊಡಗಿತು.

ಗುಳಿ ಹೋಗಲಿ ಎಂದರೆ ಏಣಿ! ಆಗೆಲ್ಲ ಓಟ ಮುಗಿಯುವ ಗೆರೆಯ ಪಕ್ಕದಲ್ಲಿ ಮೆಟ್ಟಿಲಿಟ್ಟು ತೀರ್ಪುಗಾರರು ಅದರ ಮೇಲೆ ಸಾಲಾಗಿ ನಿಲ್ಲುತ್ತಿದ್ದರಂತೆ. ಒಬ್ಬ ಮೊದಲನೆಯವನನ್ನು ಮಾತ್ರ ನೋಡಬೇಕು, ಇನ್ನೊಬ್ಬ ಎರಡನೆಯವನನ್ನು, ಹೀಗೆ. ಭಾವ ಐದು ಜನ ಅಂಕಲ್‌ಗಳನ್ನು ಹುಡುಕಿ, ಎರಡು ಏಣಿಗಳ ಮೇಲೆ ಹತ್ತಿಸಿ, ಒಬ್ಬೊಬ್ಬರಿಗೆ ಒಂದೊಂದು ಸ್ಥಾನ ಹಂಚಿದರು. ಸೀಟಿ ಊದಿದರು. ಮಕ್ಕಳು ಓಡಿದರು. ಫಲಿತಾಂಶ ಕೇಳಿದರೆ ಐದೂ ಜನ ಒಟ್ಟಿಗೆ ಕೂಗಿದರು, "ನಮ್ಮ ಪುಟ್ಟೂನೇ ಫಸ್ಟು!" ಒಬ್ಬೊಬ್ಬರೂ ನೋಡಿದ್ದು ತಂತಮ್ಮ ಮೊಮ್ಮಗುವನ್ನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಅಮೆರಿಕಕ್ಕೆ ಬಂದರೆ ಬದಲಾಗುತ್ತದೆಯೇ?

ಭಾವ ಸಿಡಿದರು. "ಎಲ್ಲರೂ ನಿಮ್ಮನಿಮ್ಮ ಮಕ್ಕಳನ್ನೇ ನೋಡ್ತಾ ನಿಂತ್ರೆ ಓಟ ನೋಡೋರು ಯಾರ್ರೀ?"

ಏಣಿಯ ಮೇಲಿದ್ದ ಧಾರವಾಡದ ಡಾಕ್ಟರೊಬ್ಬರು ನಿಧಾನವಾಗಿ ಇಳಿಯುತ್ತ, "ಅಲ್ರೀ, ನೀವು ಆ ಫೋಟೋದಾಗ ನಿಮ್ಮಪ್ಪನ್ನ ಬಿಟ್ಟು ಬ್ಯಾರೆ ಯಾರನ್ನ ನೋಡೀರಿ?" ಎಂದರು. ಎಲ್ಲರೂ ನಕ್ಕರು. ಭಾವ ನಗಲಿಲ್ಲ. ನನಗೂ ಯಾಕೋ ಆ ಮಾತು ಚುಚ್ಚಿತು.

ಈ ವರ್ಷ ಭಾವನಿಗೆ ಎಪ್ಪತ್ತು ತುಂಬುವುದಿತ್ತು. ಅಕ್ಕನ ಮಗಳು, ಹೊಬೋಕನ್‌ನಲ್ಲಿರುವವಳು, ಅಪ್ಪನಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಗುಟ್ಟಾಗಿ ಆ ಪತ್ರಿಕೆಯವರಿಗೆ ಬರೆದು, ಆ ಫೋಟೋದ ಮೂಲ ನೆಗೆಟಿವ್ ಹುಡುಕಿಸಿದಳು. ಕತ್ತರಿಸದ ಪೂರ್ತಿ ಚಿತ್ರ ಸಿಕ್ಕಿತು. ಹುಟ್ಟುಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ನನಗೆ ಫೋನು.

"ಚಿಕ್ಕಮ್ಮ, ದಿಸ್ ಈಸ್ ಬ್ಯಾಡ್. ಫೋಟೋ ಕಳಿಸಿದೀನಿ ನೋಡಿ."

ನೋಡಿದೆ. ಮೊಣಕಾಲಿಗೆ ಈಗ ಮೈಯಿತ್ತು, ಮುಖವಿತ್ತು, ಎದೆಯ ಮೇಲೆ ಇನ್ನೊಂದು ದೇಶದ ಹೆಸರಿತ್ತು. ಕಣ್ಣು ಮುಚ್ಚಿ, ಬಾಯಿ ತೆರೆದು ಓಡುತ್ತಿದ್ದ ಯಾರೋ. ಅವನ ಹಿಂದೆ ಬರಿಯ ಟ್ರ್ಯಾಕು. ಭಾವನ ತಂದೆ ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಅಷ್ಟು ಹಿಂದೆ ಬಿದ್ದಿದ್ದರು.

"ಸುಟ್ಟುಹಾಕು ಅದನ್ನ! ಒಂದು ಜುಬ್ಬಾ ತಗೊಂಡು ಬಾ," ಎಂದು ಗದರಿದೆ.

"ಬಟ್ ದಟ್ಸ್ ಲೈಯಿಂಗ್, ಚಿಕ್ಕಮ್ಮ. ಹಿ ಡಿಸರ್ವ್ಸ್ ಟು ನೋ."

ಈ ಊರಲ್ಲಿ ಹುಟ್ಟಿದ ಮಕ್ಕಳಿಗೆ ಸತ್ಯದ ಮೇಲೆ ಅದೆಂಥ ಮೋಹವೋ! ಹುಟ್ಟುಹಬ್ಬದ ದಿನ ಅವಳು ಜುಬ್ಬಾನೂ ತಂದಳು, ಫೋಟೋನೂ ತಂದಳು. ಊಟವಾದ ಮೇಲೆ ಅಪ್ಪನ ಪಕ್ಕ ಕೂತು, ಕೈ ಹಿಡಿದು, "ಅಪ್ಪ, ಇಟ್ಸ್ ನಾಟ್ ತಾತ. ಐ ಆಮ್ ಸೋ ಸಾರಿ," ಎಂದು ಕೊಟ್ಟಳು. ಅಕ್ಕ ಎಲೆ ಎತ್ತುತ್ತಿದ್ದವಳು ಅಲ್ಲೇ ನಿಂತಳು. ನನಗಂತೂ ಭಾವನ ಮುಖ ನೋಡುವ ಧೈರ್ಯವಿರಲಿಲ್ಲ.

ಭಾವ ಕನ್ನಡಕ ಒರೆಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು, ಹನ್ನೊಂದು ಸೆಕೆಂಡಿಗಿಂತ ಎಷ್ಟೋ ಹೆಚ್ಚು. ಆಮೇಲೆ, "ಅಪ್ಪ ಕೊನೆಯವರು," ಎಂದರು. ಜೋರಾಗಿ ಏನಲ್ಲ. ಇಷ್ಟು ವರ್ಷ ಇವರನ್ನು ಆಡಿಕೊಂಡು ನಕ್ಕೆನಲ್ಲ ಎಂದು ನನಗೆ ನಾಚಿಕೆಯಾಯಿತು.

"ಮೂವತ್ತು ವರ್ಷ ಈ ಮನುಷ್ಯನ ಮೊಣಕಾಲಿಗೆ ಊದುಬತ್ತಿ ಹಚ್ಚಿದೀನಲ್ಲೇ," ಎಂದು ಅಕ್ಕನಿಗೆ ಹೇಳಿದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಹೋಗ್ಲಿ ಬಿಡಿ, ಅವರೂ ಹಿರಿಯರೇ ಅಲ್ವೇ," ಎಂದಳು.

ಭಾವ ಮತ್ತೆ ಆ ಮುಖವನ್ನೇ ನೋಡತೊಡಗಿದರು. "ಇವರ ಹೆಸರೂ ಎಲ್ಲೂ ಬರೆದಿಟ್ಟಿಲ್ಲ. ಇವರಿಗೂ ಮಗ ಇರಬಹುದು. ಅವನಿಗೂ ಶಾಲೇಲಿ ಯಾರಾದ್ರೂ ಹೇಳಿರ್ತಾರೆ," ಎಂದು ತಮಗೆ ತಾವೇ ಅಂದುಕೊಂಡರು. ಮಗಳ ಕಡೆ ತಿರುಗಿ, "ಲ್ಯಾಪ್‌ಟಾಪ್ ತೆಗಿ ಪುಟ್ಟಿ. ಆ ದೇಶದ ಅಥ್ಲೆಟಿಕ್ಸ್ ಆಫೀಸಿಗೆ ಒಂದು ಮೇಲ್ ಹಾಕೋಣ. ಅವರ ಮನೆಯವರನ್ನ ಹುಡುಕಿ ಈ ಫೋಟೋ ತಲುಪಿಸಿ ಅಂತ. ಆ ಮನೆಯವರಿಗೆ ಅಂತ ಜೊತೆಗೊಂದು ಪತ್ರ ನಾನು ಹೇಳ್ತೀನಿ, ನೀನು ಇಂಗ್ಲಿಷಲ್ಲಿ ಬರಿ," ಎಂದರು.

ಅವಳು ಕೂತಳು. ಭಾವ ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಒಂದೊಂದೇ ಮಾತು ಹೇಳಿದರು.

"ಮಾನ್ಯರೇ, ನಿಮ್ಮ ತಂದೆಯವರು ಆ ಓಟದಲ್ಲಿ ಕೊನೆಯವರಲ್ಲ. ಕೊನೆಯವರು ನಮ್ಮ ತಂದೆ. ನನ್ನ ಹತ್ತಿರ ಸಾಕ್ಷಿ ಇದೆ."