ಸಾಹೇಬರು ಹಕ್ಕಿಗಳ ಸಲುವಾಗಿ ಬಂದದ್ದು

ಎಲ್ಲ ಅನರ್ಥಕ್ಕೂ ಒಂದು ಚೀಟಿ ಕಾರಣ. ದಾಂಡೇಲಿಯ ಕಚೇರಿಯಿಂದ ಮೌಳಂಗಿಯ ಗಾರ್ಡ್ ಅಡಿವೆಯ್ಯನಿಗೆ ಬಂದ ಆ ಚೀಟಿಯಲ್ಲಿ ಎರಡೇ ಸಾಲು: 'ದೊಡ್ಡ ಸಾಹೇಬರು ಶುಕ್ರವಾರ ಮುಂಜಾನೆ ಹಕ್ಕಿಗಳ ಸಲುವಾಗಿ ಹೊಳೆಗೆ ಬರುತ್ತಾರೆ. ತಕ್ಕ ವ್ಯವಸ್ಥೆ ಮಾಡತಕ್ಕದ್ದು.'

ಈಗ ನೀವೇ ಹೇಳಿ, ಅಡಿವೆಯ್ಯ ಏನೆಂದು ತಿಳಿಯಬೇಕು? ಕಾಳಿ ಹೊಳೆಯ ದಂಡೆಯಲ್ಲಿ ಹತ್ತು ವರ್ಷ ಸವೆಸಿದವನು ಅವನು. ಹುಲಿಯ ಸಲುವಾಗಿ ಬಂದ ಸಾಹೇಬರು ಚರ್ಮ ಸುತ್ತಿಕೊಂಡು ಹೋಗಿದ್ದರು. ಕಡವೆಯ ಸಲುವಾಗಿ ಬಂದವರು ಕೊಂಬು ಕಟ್ಟಿಕೊಂಡು ಹೋಗಿದ್ದರು. ಹಕ್ಕಿಗಳ ಸಲುವಾಗಿ ಬಂದವರೆಲ್ಲ ಸಂಜೆಗೆ ಬಂಗಲೆಯ ಕಟ್ಟೆಯ ಮೇಲೆ ಕೂತು ಎಲುಬು ಚೀಪುತ್ತ 'ಖಾರ ಇನ್ನೊಂಚೂರು ಬೇಕಿತ್ತು' ಅಂದಿದ್ದರು. ಹಕ್ಕಿಯ ಮುಖ ನೋಡಿ ಸುಮ್ಮನೆ ಹೋಗಲು ಯಾವ ಪುಣ್ಯಾತ್ಮ ಇಷ್ಟು ದೂರ ಬರುತ್ತಾನೆ?

ಅಡಿವೆಯ್ಯನಿಗೆ ಈ ಸಾಹೇಬರು ಖುಷಿಯಾಗಲೇಬೇಕಿತ್ತು. ಅವನ ಹೆಂಡತಿ ನೀಲಕ್ಕ ಎರಡು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಹದಿನೈದು ದಿನ ಮೌಳಂಗಿಯಲ್ಲಿದ್ದಳು. ಹದಿನಾರನೆಯ ದಿನ ಹಾಸಿಗೆಯಲ್ಲಿ ಹಾವು ಕಂಡು ಹಳಿಯಾಳದ ತವರಿಗೆ ಓಡಿದವಳು ತಿರುಗಿ ಬರಲಿಲ್ಲ. ಮೊನ್ನೆ ಕಾರ್ಡು ಹಾಕಿದ್ದಳು: 'ಸಂಕ್ರಾಂತಿ ಒಳಗ ಹಳಿಯಾಳಕ್ಕ ಬದಲಿ ಮಾಡಿಸಿಕೊಂಡು ಬರ್ರಿ. ಇಲ್ಲಾಂದ್ರ ಆ ಹಾವಿನ ಜೋಡಿನ ಸಂಸಾರ ಮಾಡ್ರಿ.' ಹಳಿಯಾಳದ ಕಟ್ಟಿಗೆ ನಾಕಾದಲ್ಲಿ ಒಂದೇ ಒಂದು ಗಾರ್ಡ್ ಜಾಗ ಖಾಲಿಯಿತ್ತು. ಕುರ್ಚಿಯಲ್ಲಿ ಕೂತು, ಲಾರಿ ಬಂದಾಗ ಅಡ್ಡಗೋಲು ಎತ್ತುವ ಕೆಲಸ. ಅರ್ಜಿ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದ. ಬೇಕಾದದ್ದು ದೊಡ್ಡ ಸಾಹೇಬರ ಸಹಿ. ಸಾಹೇಬರ ಹೊಟ್ಟೆ ತುಂಬಿದರೆ ಸಹಿ ಬಿದ್ದಂತೆಯೇ ಎಂದು ಅವನ ಲೆಕ್ಕ.

ವ್ಯವಸ್ಥೆ ಜೋರಾಗಿ ನಡೆಯಿತು. ಜನ್ಮದಲ್ಲಿ ಮೊಟ್ಟೆ ಮುಟ್ಟದ, ಎದೆಯ ಮೇಲೆ ಲಿಂಗದ ಕರಡಿಗೆ ಕಟ್ಟಿದ ಅಡಿವೆಯ್ಯ ಮೂಗಿಗೆ ವಸ್ತ್ರ ಹಿಡಿದು, ಬಂಗಲೆಯ ಅಡುಗೆಯ ಹುಸೇನಸಾಬನ ಮುಂದೆ ನಿಂತು ಮಸಾಲೆ ಅರೆಸಿದ. ಜೊತೆಯ ಗಾರ್ಡ್ ದುರ್ಗಪ್ಪನಿಗೆ ಹಾಕಾ ಒಪ್ಪಿಸಿದ. ಹಾಕಾ ಅಂದರೆ ಹಲಗೆ, ಡಬ್ಬಿ, ತಾಟು ಸಿಕ್ಕದ್ದನ್ನೆಲ್ಲ ಬಡಿದು, ಕಾಡಿನೊಳಗಿನ ಜೀವಗಳನ್ನು ಬಂದೂಕಿನ ಬಾಯಿಗೆ ಅಟ್ಟುವುದು.

"ಇಪ್ಪತ್ತು ಮಂದಿ ಕರಕೊಂಡು ಆಚಿ ದಂಡಿಮ್ಯಾಲೆ ಅಡಗಿ ಕುಂಡ್ರು ದುರ್ಗಪ್ಪ. ನಾ ಸಾಹೇಬ್ರನ್ನ ದೋಣ್ಯಾಗ ಕರಕೊಂಡು ಬರ್ತೇನಿ. ಅವರು ಬಂದೂಕು ಎತ್ತಿದ ಕೂಡಲೇ ನಾ ರುಮಾಲು ತಗದು ಝಾಡಸ್ತೇನಿ. ಅವಾಗ ಬಡೀರಿ."

"ಗೋವಾತನಕ ಕೇಳೂಹಂಗ ಬಡಿತೇನಿ, ನೀ ಬಿಡು. ಆದ್ರ ಸಾಹೇಬ್ರ ಮುಂದ ನನ್ನ ಹೆಸರು ಹೇಳಬೇಕು ಮತ್ತ!"

"ಹೇಳ್ತೇನಿ ತಗೋ," ಎಂದ ಅಡಿವೆಯ್ಯ, ಸತ್ತರೂ ಹೇಳಬಾರದೆಂದು ಮನಸ್ಸಿನಲ್ಲೇ ನಿಶ್ಚಯಿಸಿ.

ಶುಕ್ರವಾರ ಮುಂಜಾನೆ ಹೊಳೆಯ ಮೇಲೆ ಮಂಜು ಹಾಸಿಕೊಂಡಿತ್ತು. ಬಂಗಲೆಯ ಮುಂದೆ ಜೀಪಿನಿಂದ ಇಳಿದದ್ದು ಕಡ್ಡಿಯಂಥ ಆಸಾಮಿ. ಮೊಣಕಾಲ ತನಕ ಚಡ್ಡಿ, ಕೊರಳಲ್ಲಿ ದುರ್ಬೀನು, ಕೈಯಲ್ಲಿ ದಪ್ಪ ನೋಟುಬುಕ್ಕು. ಅಡಿವೆಯ್ಯ ಸಲಾಮು ಹೊಡೆದು ಜೀಪಿನೊಳಗೆ ಇಣುಕಿದ. ಸೀಟಿನ ಕೆಳಗೂ ಬಗ್ಗಿ ನೋಡಿದ.

"ಏನ್ರೀ ಹುಡುಕ್ತಿದ್ದೀರಾ?" ಸಾಹೇಬರದು ಮೈಸೂರು ಕಡೆಯ ಮಾತು.

"ಬಂದೂಕು ರೀ ಸಾಹೇಬ್ರ. ಹಿಂದಿನ ಗಾಡ್ಯಾಗ ಬರಾಕತ್ತೈತೇನ್ರಿ?"

ಸಾಹೇಬರ ಮುಖ ಕೆಂಪಾಯಿತು. "ಬಂದೂಕಾ? ಕಾರವಾರದ ಅಳಿವೆಯಿಂದ ನದೀ ಉದ್ದಕ್ಕೂ ಹಕ್ಕಿ ಎಣಿಸ್ಕೊಂಡು ಬರ್ತಿದೀನಿ ಕಣ್ರೀ, ಇವತ್ತಿಗೆ ನಾಲ್ಕನೇ ದಿನ. ನಿನ್ನೆ ಒಬ್ಬ ಗಾರ್ಡು ನನ್ನ ಎದುರಿಗೇ ಬೆಳ್ಳಕ್ಕಿಗೆ ಕಲ್ಲು ಹೊಡೆದ. ಅಲ್ಲೇ ಸಸ್ಪೆಂಡ್ ಮಾಡಿ ಬಂದೆ. ನೀವೂ ಶಿಕಾರಿಯವರೇನು?"

ಅಡಿವೆಯ್ಯ ಎದೆಯ ಮೇಲಿನ ಕರಡಿಗೆ ಹಿಡಿದುಕೊಂಡ. "ಶಿವ ಶಿವಾ! ಲಿಂಗ ಕಟ್ಟಿದ ಮಂದಿ ರೀ ನಾವು. ಹಕ್ಕಿ ಅಂದ್ರ ನಮಗ ಹೊಟ್ಟಿ ಮಕ್ಕಳಿದ್ದಂಗ್ರಿ."

ಅಷ್ಟರಲ್ಲಿ ಅಡುಗೆಮನೆಯಿಂದ ಹುಸೇನಸಾಬನ ದನಿ ಬಂತು: "ಅಡಿವೆಯ್ಯನವರ, ಹಕ್ಕಿ ಎಷ್ಟೊತ್ತಿಗೆ ಬರ್ತಾವ್ರೀ?"

"ಏನಂತೆ ಆತನಿಗೆ?" ಎಂದರು ಸಾಹೇಬರು.

"ಅವಂಗೂ ಹಕ್ಕೀದ ಧ್ಯಾಸ ರೀ. ದಿನಾ ಮುಂಜಾನೆ ಹಿಂಗ ಹಾದಿ ಕಾಯತಾನ್ರಿ."

"ಭಲೇ!" ಎಂದು ಸಾಹೇಬರು ಸೀದಾ ಹೋಗಿ ದೋಣಿಯಲ್ಲಿ ಕೂತರು. ದುರ್ಗಪ್ಪನಿಗೆ ಸುದ್ದಿ ಮುಟ್ಟಿಸೋಣವೆಂದರೆ ಅವನಿದ್ದದ್ದು ಆಚೆ ದಂಡೆ. ದೋಣಿ ಇದ್ದದ್ದು ಒಂದೇ. ಉಳಿದದ್ದು ಒಂದೇ ಉಪಾಯ. ಏನೇ ಆಗಲಿ ರುಮಾಲು ತಲೆಯಿಂದ ಕದಲಬಾರದು. ಅಂಬಿಗ ಹುಟ್ಟು ಹಾಕತೊಡಗಿದಾಗ ಅಡಿವೆಯ್ಯ ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದು ಕೂತ.

"ತಲೆ ನೋವೇನ್ರೀ?"

"ಗಾಳಿ ರೀ ಸಾಹೇಬ್ರ."

ಸುತ್ತ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೆ ಸಾಹೇಬರಿಗೆ ಅದರ ಕಡೆ ಲಕ್ಷ್ಯವೇ ಇಲ್ಲ. ನೀರಿನ ನಡುವಿನ ಬಂಡೆಯ ಮೇಲೊಂದು ಹಕ್ಕಿ ಕೂತು ಕಿರುಚುತ್ತಿತ್ತು. "ಇದನ್ನ ನಿಮ್ಮ ಕಡೆ ಏನಂತಾರೆ?" ಎಂದು ಪೆನ್ಸಿಲು ತೆಗೆದರು.

ಕಾಗೆ, ಗುಬ್ಬಿ, ಕೋಳಿ ಬಿಟ್ಟು ನಾಲ್ಕನೆಯ ಹಕ್ಕಿಯ ಹೆಸರು ಅಡಿವೆಯ್ಯನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಅರ್ಜಿಯ ಗತಿ? ಅವಸರಕ್ಕೆ ಅತ್ತೆಯ ಹೆಸರು ನೆನಪಾಯಿತು. "ತಾಯವ್ವನ ಹಕ್ಕಿ ರೀ."

"ಯಾಕೆ ಆ ಹೆಸರು?"

"ಒಂದ ಸವನ ಒದರತೈತ್ರಿ. ಎದುರಿಗಿದ್ದವರಿಗೆ ಮಾತಾಡಾಕ ಬಿಡಂಗಿಲ್ರಿ."

"ಎಷ್ಟು ಅರ್ಥಪೂರ್ಣ!" ಎಂದು ಸಾಹೇಬರು ಬರೆದುಕೊಂಡರು. ಮುಂದೆ ಅಡಿವೆಯ್ಯನಿಗೆ ಧೈರ್ಯ ಬಂತು. ಕೊಕ್ಕು ಬಗ್ಗಿಸಿ ಒಂಟಿಯಾಗಿ ಕೂತದ್ದು ಸಾಲಗಾರ ಹಕ್ಕಿಯಾಯಿತು. ಮುಳುಗಿ ಮುಳುಗಿ ಏಳುವುದು ಹೆಡ್‌ಕ್ಲಾರ್ಕ್ ಬಾತು. ಸಾಹೇಬರು ಪುಟದ ಮೇಲೆ ಪುಟ ತಿರುವಿದರು. "ಇಂಥ ಜ್ಞಾನ ಇಟ್ಕೊಂಡು ಇಷ್ಟು ದಿನ ಎಲ್ಲಿ ಅಡಗಿದ್ರಿ ಅಡಿವೆಯ್ಯ?" ಎಂದಾಗ ಅಡಿವೆಯ್ಯ ಮನಸ್ಸಿನಲ್ಲೇ ಹಳಿಯಾಳದ ನಾಕಾದ ಕುರ್ಚಿಯಲ್ಲಿ ಕೂತು, ನೀಲಕ್ಕನ ಕೈಯ ಚಹಾ ಕುಡಿಯತೊಡಗಿದ್ದ.

ಆಚೆ ದಂಡೆಯ ಬಸರಿ ಮರದ ಕೆಳಗೆ ದೋಣಿ ಬಂದಾಗ ಸಾಹೇಬರು ಅವನ ಭುಜ ಹಿಡಿದು ಒತ್ತಿದರು. "ಮಂಗಟ್ಟೆ!" ಎಂದು ಪಿಸುಗುಟ್ಟಿದರು. "ಜೋಡಿ ಕಣ್ರೀ! ಇಷ್ಟು ಹತ್ತಿರದಿಂದ ನೋಡಬೇಕು ಅಂತ ಹನ್ನೆರಡು ವರ್ಷದಿಂದ ಕಾಯ್ತಿದ್ದೆ. ಉಸಿರಾಡಬೇಡಿ."

ಅಡಿವೆಯ್ಯ ಉಸಿರಾಡಲಿಲ್ಲ. ಆದರೆ ತಲೆಯ ಮೇಲಿನ ಟೊಂಗೆಯಲ್ಲಿದ್ದ ಆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಬೆಳಗಿನಿಂದ ಹಣ್ಣು ತಿಂದಿತ್ತು. ತಿಂದದ್ದನ್ನು ಎಲ್ಲಾದರೂ ಇಳಿಸಬೇಕಲ್ಲ, ಸರಿಯಾಗಿ ಅಡಿವೆಯ್ಯನ ರುಮಾಲಿನ ಮೇಲೆ ಇಳಿಸಿತು. ಬಿಸಿಬಿಸಿಯಾಗಿ ಹಣೆಗೆ ಬಂತು, ತಡೆದುಕೊಂಡ. ಗಲ್ಲಕ್ಕೆ ಬಂತು, ನೀಲಕ್ಕನ ಹೆಸರು ಹೇಳಿ ತಡೆದುಕೊಂಡ. ಗದ್ದದಿಂದ ಜಾರಿ ಎದೆಯ ಮೇಲಿನ ಕರಡಿಗೆಯ ಕಡೆ ಹೊರಟಿತು. ಲಿಂಗಕ್ಕೆ ಮೈಲಿಗೆ! ಏಳು ತಲೆಮಾರಿನ ಹಿರಿಯರು ಒಮ್ಮೆಗೇ ಅವನ ಕೈ ಹಿಡಿದು ಎಳೆದಂತಾಯಿತು. ಕಣ್ಣು ಮಿಟುಕಿಸುವುದರಲ್ಲಿ ರುಮಾಲು ಕಿತ್ತು, ಝಾಡಿಸಿ, ಎದೆ ಒರೆಸಿಕೊಂಡ.

ಒರೆಸಿಕೊಂಡ ಮೇಲೆಯೇ ಅವನಿಗೆ ತಾನು ಮಾಡಿದ್ದು ಗೊತ್ತಾದದ್ದು.

ಹೋ ಎಂದು ಕಾಡೇ ಬಾಯಿ ಬಿಟ್ಟಿತು. ಇಪ್ಪತ್ತು ಮಂದಿಯ ಹಲಗೆ, ಡಬ್ಬಿ, ತಾಟು, ಕೇಕೆ! ಕಾಳಿ ಹೊಳೆಯ ಇದ್ದಬದ್ದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಸೂಪಾದ ಕಡೆ ದಿಕ್ಕಾಪಾಲಾದವು. ಮಂಗಟ್ಟೆಯ ಜೋಡಿ ರೆಕ್ಕೆ ಬಡಿದ ಸಪ್ಪಳಕ್ಕೆ ಬೆಚ್ಚಿ ಸಾಹೇಬರು ಎದ್ದು ನಿಂತರು, ದೋಣಿ ಹೊಯ್ದಾಡಿತು, ನಾಲ್ಕು ದಿನದ ಹಕ್ಕಿಗಳನ್ನೆಲ್ಲ ಹೊತ್ತ ನೋಟುಬುಕ್ಕು ಡುಬುಕ್ಕೆಂದು ನೀರಿಗೆ ಬಿತ್ತು.

"ಯಾರದು?" ಎಂದು ಸಾಹೇಬರು ಗುಡುಗಿದರು. "ಇದನ್ನೆಲ್ಲ ಮಾಡಿಸಿದೋರು ಯಾರು?"

ಅಡಿವೆಯ್ಯ ರುಮಾಲನ್ನು ಬೆನ್ನ ಹಿಂದೆ ಅಡಗಿಸಿದ. ನೌಕರಿಯೂ ಹೋಯಿತು, ಹೆಂಡತಿಯೂ ಹೋದಳು ಎಂದುಕೊಳ್ಳುವಷ್ಟರಲ್ಲಿ ಪೊದೆಯಿಂದ ದುರ್ಗಪ್ಪ ಹಲಗೆ ಸಮೇತ ಜಿಗಿದು ಬಂದ. ಅಡಿವೆಯ್ಯ ತನ್ನ ಹೆಸರು ಹೇಳುವುದಿಲ್ಲವೆಂದು ಅವನಿಗೆ ಮೊದಲೇ ಗುಮಾನಿ. ಇನಾಮು ಕೈತಪ್ಪೀತೆಂದು ಎದೆ ಬಡಿದುಕೊಂಡು ಹೇಳಿದ: "ನಾನ ರೀ ಸಾಹೇಬ್ರ! ಇದೆಲ್ಲಾ ನಂದ ತಲಿ. ಈ ಅಡಿವೆಯ್ಯಂದು ಇದರಾಗ ಏನೂ ಇಲ್ರಿ!"

ಇಂಥ ಗೆಳೆಯನನ್ನು ಕೊಟ್ಟದ್ದಕ್ಕೆ ಅಡಿವೆಯ್ಯ ಶಿವನಿಗೆ ಕೈ ಮುಗಿದ. ಮುಗಿದು ಸುಮ್ಮನಿರಬೇಕೋ ಬೇಡವೋ? ಬಿದ್ದವನ ಮೇಲೊಂದು ಕಲ್ಲು ಹಾಕಿದ. "ಖರೇ ರೀ ಸಾಹೇಬ್ರ. ಇಂವಾ ಮೊದಲಿಂದ ಹಿಂಗ ರೀ. ನಾ ಬ್ಯಾಡಂತ ಎಷ್ಟ ಬಡಕೊಂಡ್ರೂ ಕೇಳಂಗಿಲ್ರಿ."

ಬಂಗಲೆಗೆ ಬಂದು ಸಾಹೇಬರು ಊಟಕ್ಕೆ ಕೂತರು. ಅವರು ಉಣ್ಣುವುದು ಬರೀ ಮೊಸರನ್ನ ಎಂದು ತಿಳಿದು ಹುಸೇನಸಾಬ ಒಂದು ಬೋಗುಣಿ ಮಸಾಲೆ ಒಳಗೇ ಮುಚ್ಚಿಟ್ಟಿದ್ದ. ಅಡಿವೆಯ್ಯ ಇದೇ ಹೊತ್ತೆಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟ.

"ಇರಿ, ಮೊದಲು ಆ ರಾಕ್ಷಸನ ವಿಚಾರ ಮುಗಿಸ್ತೀನಿ," ಎಂದರು ಸಾಹೇಬರು. "ಸಸ್ಪೆಂಡ್ ಮಾಡಿದ್ರೆ ಕೆಲಸ ಇಲ್ಲದೆ ಇಲ್ಲೇ ಕೂತು ದಿನಾ ಹಲಗೆ ಬಡೀತಾನೆ. ಅವನನ್ನ ಹಕ್ಕಿ ಪಿಕ್ಕಿ ಇಲ್ಲದ ಜಾಗಕ್ಕೆ ಎತ್ತಿ ಹಾಕಬೇಕು. ಅಂಥದ್ದು ಎಲ್ಲಾದ್ರೂ ಇದೆಯೇನ್ರೀ?"

ಅಡಿವೆಯ್ಯ ಬಾಯಿ ತೆರೆಯುವ ಮೊದಲೇ ಹುಸೇನಸಾಬ ಮೊಸರು ಬಡಿಸುತ್ತ ಹೇಳಿದ: "ಐತಲ್ರೀ ಹುಜೂರ್! ಹಳಿಯಾಳ ಕಟ್ಟಿಗಿ ನಾಕಾ. ಲಾರಿ ಧೂಳಿಗೆ ಕಾಗಿನೂ ಹಾಯಂಗಿಲ್ಲ. ಒಂದು ಜಾಗಾನೂ ಖಾಲಿ ಐತ್ರಿ."

"ಅಲ್ಲಿಗೇ ಸಾಯ್ಲಿ!" ಎಂದು ಸಾಹೇಬರು ಎಡಗೈಯಲ್ಲೇ ಹುಕುಂ ಬರೆದರು.

"ಸಾಹೇಬ್ರ, ಅದು... ಅದು ಶಿಕ್ಷಾ ಅಲ್ರಿ!" ಎಂದು ಅಡಿವೆಯ್ಯ ಚೀರಿದ. "ಇಂವಗ ಇನ್ನೂ ಕಠಿಣ ಶಿಕ್ಷಾ ಕೊಡಬೇಕ್ರಿ!"

"ನಿಮಗೆ ಹಕ್ಕಿ ಮೇಲಿರೋ ಪ್ರೀತಿ ನಂಗೆ ಅರ್ಥ ಆಗುತ್ತೆ," ಎಂದು ಸಾಹೇಬರು ಮರುಗಿದರು. ಆಮೇಲೆ ಅರ್ಜಿ ತೆಗೆದು ಓದಿದರು. ಹುಬ್ಬು ಮೇಲೇರಿತು. "ನೀವೂ ಹಳಿಯಾಳಕ್ಕಾ? ಆ ಧೂಳಿಗಾ? ನಿಮ್ಮಂಥ ಪಂಡಿತರು ಅಲ್ಲಿ ಕೊಳೆಯೋದನ್ನ ನಾನು ನೋಡೋಕಾಗಲ್ಲ. ನೋಟುಬುಕ್ಕು ಬೇರೆ ಹೋಯ್ತು. ಆ ಹೆಸರುಗಳೆಲ್ಲ ಇನ್ನು ನಿಮ್ಮ ತಲೇಲಿ ಮಾತ್ರ ಇರೋದು!" ಎಂದವರೇ ಅರ್ಜಿಯ ಅಂಚಿನಲ್ಲಿ, ನೀಲಕ್ಕನ ಗಂಡ ಎರಡು ವರ್ಷದಿಂದ ಕಾದಿದ್ದ ಆ ಸಹಿ ಹಾಕಿದರು. ಸಹಿಯ ಮೇಲೆ ಹೀಗಿತ್ತು: 'ಈ ನೌಕರರನ್ನು ಐದು ವರ್ಷ ಮೌಳಂಗಿಯಿಂದ ಕದಲಿಸಕೂಡದು.'

ಜೀಪು ಹೋದ ಮೇಲೆ ಅಡಿವೆಯ್ಯ ಬಂಗಲೆಯ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತ. ಸ್ವಲ್ಪ ಹೊತ್ತಿಗೆ ದುರ್ಗಪ್ಪ ಟ್ರಂಕು ಹೊತ್ತು, ಮೂಗು ಒರೆಸುತ್ತ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಇನಾಮು ಕೊಡ್ತಾರ ಅಂದ್ರ ಊರ ಬಿಡಿಸಿದ್ರಲ್ಲೋ ಅಡಿವೆಯ್ಯ! ಆ ಹಾಳ ಹಳಿಯಾಳದಾಗ ನನಗ ಯಾರ ಗುರುತದಾರ? ಸದ್ಯ ನಿನ್ನ ಮಾವನ ಮನ್ಯಾಗ ಇಳಕೋತೇನಿ," ಎಂದು ಟ್ರಂಕು ಎತ್ತಿಕೊಂಡು ಎದ್ದ. "ನೀಲಕ್ಕಗ ಏನರ ಹೇಳೂದಿತ್ತಂದ್ರ ಈಗ ಹೇಳಿಬಿಡು."