ಮಹಡಿಯಿಂದ ಓಡುವ ಬಾಣ

ಮೆಟ್ಟಿಲು ಹತ್ತಿಳಿಯುವುದನ್ನು ತಪ್ಪಿಸಲೆಂದು ಏರ್ಪಾಟು ಮಾಡಿಕೊಂಡು, ಆ ಏರ್ಪಾಟಿನಿಂದಲೇ ಮಂಡಿ ಸವೆಸಿಕೊಂಡವರು ಯಾರಾದರೂ ಇದ್ದರೆ ಅವರು ಚಿಂತಾಮಣಿಯ ನಮ್ಮ ಸೋದರಮಾವ ಮಾತ್ರ!

ನಿವೃತ್ತರಾದ ಮೇಲೆ ಮಾವನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಕೆಳಗಿನ ನಡುಮನೆಯಲ್ಲಿ ಒಂದಿತ್ತು. ಬಾಗಿಲು ಮುಚ್ಚುತ್ತಿದ್ದ ಬ್ರೌಸಿಂಗ್ ಸೆಂಟರಿನಿಂದ ಹಳೆಯದೊಂದನ್ನು ತಂದು ಮಹಡಿಯ ಕೋಣೆಯಲ್ಲಿಟ್ಟರು. ಮಹಡಿಯ ಕಿಟಕಿಯಿಂದ ಹಿತ್ತಲಿನ ಮರಕ್ಕೆ, ಅಲ್ಲಿಂದ ಕೆಳಗಿನ ಕಿಟಕಿಗೆ ನೀಲಿ ಕೇಬಲ್ ಎಳೆದು, ಎರಡಕ್ಕೂ ಅದೇನೋ ತಂತ್ರಾಂಶ ಹಾಕಿದರು. ಅಲ್ಲಿಗೆ ಕೆಳಗಿನ ಪರದೆಯಲ್ಲಿದ್ದದ್ದೆಲ್ಲ ಮಹಡಿಯಲ್ಲೂ ಕಾಣತೊಡಗಿತು. ಮಾವ ಮೇಲೆ ಮೌಸ್ ಆಡಿಸಿದರೆ ಕೆಳಗೆ ಬಾಣ ಓಡುತ್ತಿತ್ತು!

ಪ್ರಿಂಟರ್ ಇದ್ದದ್ದು ಕೆಳಗೆ. ಮೇಲಿನಿಂದ ಪ್ರಿಂಟ್ ಕೊಡುವುದು, ಬಂತೇ ಎಂದು ನೋಡಲು ಇಳಿಯುವುದು, ಕಾಗದ ಹಾಕಿಲ್ಲವೆಂದು ಗೊತ್ತಾಗುವುದು, ಹಾಕಿ ಮತ್ತೆ ಹತ್ತುವುದು.

"ಮಾವ, ಹೆಂಗಿದ್ರೂ ಇಳೀಲೇಬೇಕಲ್ಲ?" ಎಂದೆ.

"ಪೇಪರ್ ತರೋಕೆ ಇಳಿಯೋದು ಬೇರೆ, ಪ್ರಿಂಟ್ ಕೊಡೋಕೆ ಇಳಿಯೋದು ಬೇರೆ ಕಣೋ!"



ಅತ್ತೆಗೆ ಈ ಏರ್ಪಾಟಿನ ಸುದ್ದಿಯನ್ನೇ ಮಾವ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಸೆರಗಿನಿಂದ ಪರದೆಯ ಧೂಳು ಒರೆಸುತ್ತಿದ್ದಾರೆ, ಬಾಣ ತಾನಾಗಿಯೇ ಸರಸರ ಓಡಿತು! "ಅಯ್ಯೋ ದೇವುಡಾ!" ಎಂಬ ಕೂಗಿಗೆ ಪಕ್ಕದ ಮನೆಯವರೂ ಬಂದರು. ಮಾವ ಇಳಿದು ಬರುವಷ್ಟರಲ್ಲಿ ಪರದೆಗೆ ವಿಭೂತಿ ಬಿದ್ದಿತ್ತು, ಮೇಲೆ ನಿಂಬೆಹಣ್ಣು ಕೂತಿತ್ತು.

"ದೆವ್ವ ಅಲ್ಲ ಕಣೇ, ನಾನು!" ಎಂದರು ಮಾವ, ಹೆಮ್ಮೆಯಿಂದ.

"ನೀವೇನಾ? ಹಾಗಾದ್ರೆ ನಿಂಬೆಹಣ್ಣು ಅಲ್ಲೇ ಇರ್ಲಿ!" ಎಂದು ಅತ್ತೆ ಒಳಗೆ ಹೋದರು.

ಇನ್ನೊಮ್ಮೆ ಸಂಪರ್ಕವೇ ಕಡಿದುಹೋಯಿತು. ಮಾವ ನನಗೆ ಫೋನ್ ಮಾಡಿ, ವೈರಸ್ ಬಂದಿದೆ, ಕೂಡಲೇ ಬಾ ಎಂದರು. ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಹೋಗಿ ನೋಡುತ್ತೇನೆ: ನೀಲಿ ಕೇಬಲ್ಲಿನ ಮೇಲೆ ಮಾವನದೇ ಒದ್ದೆ ಪಂಚೆ, ಎರಡು ಟವೆಲ್ಲು! ಭಾರಕ್ಕೆ ತುದಿ ಕಿತ್ತುಬಂದಿತ್ತು. "ಹಗ್ಗ ಕಟ್ಟಿಕೊಡಿ ಅಂತ ಹೇಳ್ತಾನೇ ಇದ್ದೆ. ಕೊನೆಗೆ ಕಟ್ಟಿದ್ರಲ್ಲ ಅಂತ ಒಣಗಾಕ್ದೆ," ಎಂದರು ಅತ್ತೆ.

ಆ ವರ್ಷವೇ ಗೌರಿಬಿದನೂರಿನಲ್ಲಿದ್ದ ಅತ್ತೆಯ ತಂಗಿ ತೀರಿಕೊಂಡರು. ದಿನವೂ ಮಧ್ಯಾಹ್ನ ಫೋನಿನಲ್ಲಿ ಹರಟುತ್ತಿದ್ದ ಅಕ್ಕತಂಗಿಯರು ಅವರು. ಅತ್ತೆಯ ಮಾತೇ ನಿಂತುಹೋಯಿತು. ಹೊತ್ತು ಹೋಗಲೆಂದು ನಾನು ಕೆಳಗಿನ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ತೋರಿಸಿಕೊಟ್ಟೆ. ಮಧ್ಯಾಹ್ನಗಳಲ್ಲಿ ಒಬ್ಬರೇ ಕೂತು ಆಡತೊಡಗಿದರು.

ಒಂದು ಭಾನುವಾರ ಮಹಡಿಗೆ ಹೋದರೆ, ಮಾವ ಕೈಕಟ್ಟಿ ಪರದೆ ನೋಡುತ್ತಾ ಕೂತಿದ್ದರು. ಅದರಲ್ಲಿ ಅತ್ತೆಯ ಆಟ. ಕೆಂಪು ಒಂಬತ್ತನ್ನು ಕಪ್ಪು ಹತ್ತರ ಮೇಲಿಡಬಹುದಿತ್ತು, ಅತ್ತೆಗೆ ಅದು ಹೊಳೆದಿರಲಿಲ್ಲ. ನಾನು ಮೌಸಿಗೆ ಕೈ ಹಾಕಿದೆ. ಮಾವ ಮಣಿಕಟ್ಟು ಹಿಡಿದರು.

"ಮುಟ್ಬೇಡಪ್ಪ. ನಾನು ನೋಡ್ತಿದೀನಿ ಅಂತ ಗೊತ್ತಾಗುತ್ತೆ."

"ಪಕ್ಕದಲ್ಲೇ ಹೋಗಿ ಕೂತ್ಕೋಬಾರ್ದಾ ಮಾವ?"

"ಕೂತು ಏನು ಮಾತಾಡ್ಲಿ? ನಂಗೆ ಬರಲ್ಲ ಕಣೋ ಅದೆಲ್ಲ. ಎಲೆ ಸರೀತಾ ಇದ್ರೆ, ಅಳ್ತಾ ಇಲ್ಲ ಅಂತ ಸಮಾಧಾನ."

ನಾನು ಮೌಸಿನಿಂದ ಕೈ ತೆಗೆದೆ. ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ದನಿ ಬಂತು:

"ರೀ! ಅಲ್ಲಿಂದ ನೋಡಿದ್ದು ಸಾಕು. ಈ ಒಂಬತ್ತು ಎಲ್ಲಿಗೆ ಹಾಕ್ಬೇಕು, ಬಂದು ಹೇಳಿ!"

ಮಾವ ಸಿಕ್ಕಿಬಿದ್ದ ಕಳ್ಳನಂತೆ ಎದ್ದು, ಕನ್ನಡಕವನ್ನೂ ಮರೆತು ಇಳಿದುಹೋದರು. ನಾನು ಮೇಲೆಯೇ ಉಳಿದೆ. ಪರದೆಯಲ್ಲಿ ಬಾಣ ತಡವರಿಸಿತು, ಒಂಬತ್ತು ಹೋಗಿ ಹತ್ತರ ಮೇಲೆ ಕೂತಿತು. ಆಮೇಲೆ ಎಷ್ಟು ಹೊತ್ತಾದರೂ ಎಲೆ ಸರಿಯಲಿಲ್ಲ. ಕೆಳಗಿನಿಂದ ಇಬ್ಬರ ಮಾತೂ ಕೇಳಿಸುತ್ತಿತ್ತು.