ಜೋಳದಾಗಿನ ಹುಳ

ಸಾಕಿದ ಹಾವನ್ನು ಬಿಸಿಲಿಗೆ ಬಿಟ್ಟು, ಅದರ ಒಂದು ಕೂದಲೂ ಕೊಂಕದಂತೆ ಒಳಗೆ ತರುವ ತಾಕತ್ತು ಇಡೀ ಕೊಟ್ಟೂರಿನಲ್ಲಿ ತನಗೊಬ್ಬನಿಗೇ ಇದೆ ಎಂದು ಹುಲುಗೇಶ್ ಆ ಭಾನುವಾರ ಬೆಳಿಗ್ಗೆ ಘೋಷಿಸಿದ. ಹಾವಿಗೆ ಕೂದಲಿಲ್ಲ ಎಂಬುದು ಘೋಷಣೆಯ ಭರದಲ್ಲಿ ಹೊಳೆಯಲಿಲ್ಲ.

ಅದು ಹೊರದೇಶದ ಹಾವು. ಕೇಸರಿ ಬಣ್ಣ, ಮೂರಡಿ ಉದ್ದ, ವಿಷದ ಸುದ್ದಿಯೇ ಇಲ್ಲ. ಸರ್ಕಾರದ ಒಪ್ಪಿಗೆ ಪಡೆದೇ ತಂದದ್ದು. ಹೆಂಡತಿ ಮಂಜಮ್ಮನ ಒಪ್ಪಿಗೆ ಮಾತ್ರ ಷರತ್ತಿನ ಮೇಲೆ ಸಿಕ್ಕಿತ್ತು.

"ನೋಡ್ರಿ, ಅದರ ಹೆಸರು ಎತ್ತಂಗಿಲ್ಲ. ಹುಳ ಅನ್ನಬೇಕು. ಓಣ್ಯಾಗ ಯಾರಿಗೂ ಗೊತ್ತಾಗಬಾರದು. ಒಂದ್ಸಲ ಕಣ್ಮರೆ ಆತು ಅಂದ್ರ, ಬಂದಲ್ಲಿಗೇ ವಾಪಸ್ ಕಳಸ್ತೀನಿ."

ಹಾವಿನ ಹೆಸರು ಹಿಡಿದರೆ ಅದು ಕರೆದರೆಂದು ಬಂದುಬಿಡುತ್ತದೆ ಎಂಬುದು ಮಾಗಳದ ಅವಳ ತವರಿನ ನಂಬಿಕೆ. ಈಗಾಗಲೇ ಮನೆಯಲ್ಲಿರುವುದು ಇನ್ನೆಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ಹುಲುಗೇಶನಿಗೆ ಆಗಲಿಲ್ಲ.

ಮಾಳಿಗೆಯ ಮೇಲೆ ಬುಟ್ಟಿ ಇಟ್ಟು, ಹದ್ದು ಎರಗದಿರಲೆಂದು ಮೇಲೆ ಸೊಳ್ಳೆಪರದೆ ಹೊದಿಸಿದ. ಈ ಭದ್ರತೆಯನ್ನು ಕೂಡ್ಲಿಗಿಯ ಗೆಳೆಯನಿಗೆ ಫೋನಿನಲ್ಲಿ ಬಣ್ಣಿಸುತ್ತ ಆ ಮೂಲೆಯಿಂದ ಈ ಮೂಲೆಗೆ ಠೀವಿಯಿಂದ ಅಡ್ಡಾಡಿದ. ಬಣ್ಣನೆ ಮುಗಿಸಿ ತಿರುಗಿ ನೋಡಿದರೆ ಪರದೆ ಸರಿದಿದೆ, ಬುಟ್ಟಿ ಖಾಲಿ!

ಒಳಗೆ ಹೋಗಿ ಹೆಂಡತಿಯನ್ನು ಕೇಳುವಂತಿಲ್ಲ. ಪಕ್ಕದ ಮಾಳಿಗೆಯಲ್ಲಿ ಗಿಡ್ಡಮ್ಮ ಜೋಳ ಹರವಿದ್ದ ಚಾಪೆ ಮಡಚುತ್ತಿದ್ದಳು.

"ಅಮ್ಮಾ, ನಿಮ್ಮ ಕಡಿ ಹುಳ ಏನರ ಬಂತೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಬರದೇನು, ಜೋಳದಾಗ ಸೇರ್ಕಂಡೈತಿ."

ಹುಲುಗೇಶನಿಗೆ ಹೋದ ಜೀವ ಬಂತು. "ಎಲ್ಲೈತ್ರಿ ಜೋಳ?"

"ಈಗ ಗಿರಣಿಗೆ ಹೋತು."

"ಹುಳ ಐತಿ ಅಂತ ಗೊತ್ತಿದ್ದೂ ಕಳಿಸಿದ್ರಾ?"

"ಅಷ್ಟಕ್ಕ ಜೋಳ ಚೆಲ್ಲಾಕ ಆಗತೈತೇನು? ಹಂಗ ಬೀಸಿಸಿಬಿಡೋದು. ರೊಟ್ಟಿ ಬಡದ ಮ್ಯಾಲೆ ಯಾರಿಗ್ ಗೊತ್ತಾಕ್ಕೈತಿ?"

ಬಂದ ಜೀವ ಮತ್ತೆ ಹೋಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಗಿರಣಿಯ ಚೌಡಣ್ಣ ಗಿಡ್ಡಮ್ಮನ ಚೀಲವನ್ನು ಆಗಲೇ ಹೆಗಲಿಗೇರಿಸಿದ್ದ. ಹುಲುಗೇಶ್ ಹೋಗಿ ಚೀಲವನ್ನು ತಬ್ಬಿಕೊಂಡ.

"ಬೀಸಬ್ಯಾಡಪ್ಪ, ಇದರಾಗ ಹುಳ ಐತಿ."

"ಹುಳ ಇಲ್ಲದ ಜೋಳ ಯಾರ ಮನ್ಯಾಗ ಐತಿ ಸಾರ್? ಕೈ ಬಿಡ್ರಿ."

"ಇದು ನಾನು ಸಾಕಿದ ಹುಳ."

ಹಿಟ್ಟಿಗೆ ಸರದಿ ನಿಂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ನೌಕರಿ ಇರುವ ಮನುಷ್ಯ ನುಸಿ ಸಾಕುವ ಮಟ್ಟಕ್ಕೆ ಬಂದನಲ್ಲ ಎಂದು ಒಬ್ಬಾಕೆ ಲೊಚಗುಟ್ಟಿದಳು.

"ಮೂರಡಿ ಐತಪಾ ಅದು!"

ಚೌಡಣ್ಣ ಗಿರಣಿ ನಿಲ್ಲಿಸಿದ. "ಎಷ್ಟಡಿ?"

"ಮೂರಡಿ. ಹಾವು."

ಆಮೇಲೆ ಗಿರಣಿಯಲ್ಲಿ ಉಳಿದವರು ಹುಲುಗೇಶ್ ಮತ್ತು ಚೀಲ ಮಾತ್ರ. ಅವನೊಬ್ಬನೇ ಜೋಳವನ್ನು ನೆಲಕ್ಕೆ ಸುರಿದು ಬೆದಕಿದ. ಬುಳುಬುಳು ಎಂದು ಹರಿದಾಡಿದ್ದು ಬರೀ ನುಸಿ. ಹಾವಿನ ಸುಳಿವಿಲ್ಲ. ಎಲ್ಲೋ ಯಾರೋ ಬಡಿದು ಹಾಕಿರಬೇಕು ಎನಿಸಿ ಅವನಿಗೆ ಅಳು ಒತ್ತರಿಸಿ ಬಂತು. ಚೆಲ್ಲಿದ ಜೋಳವನ್ನು ಚೀಲಕ್ಕೆ ತುಂಬಿಟ್ಟು, ಸುದ್ದಿ ಕೇಳಿ ಬಂದು ಹೊರಗೆ ನಿಂತು ಬೈಯುತ್ತಿದ್ದ ಗಿಡ್ಡಮ್ಮನಿಗೆ ಕೈಮುಗಿದು, ಮೈಯೆಲ್ಲ ಹಿಟ್ಟಾಗಿ ಮನೆಗೆ ಬಂದ.

ಅಡುಗೆಮನೆಯಲ್ಲಿ ನೀರಿನ ಕೊಡದ ಪಕ್ಕ ಮಂಜಮ್ಮ ಕುಳಿತಿದ್ದಳು. ಅವಳ ಮುಂದಿನ ರೊಟ್ಟಿ ಬುಟ್ಟಿಯಲ್ಲಿ ಹಾವು ತಣ್ಣಗೆ ಸುತ್ತಿಕೊಂಡು ಮಲಗಿತ್ತು.

"ನೀವು ಫೋನಿನಾಗ ಬಡಾಯಿ ಕೊಚ್ಚಾಕತ್ತಿದ್ರಿ, ಇದು ಬಿಸಲಾಗ ಬಾಯಿ ಬಿಡಾಕತ್ತಿತ್ತು. ನಾನ ಒಳಗ ತಂದೆ," ಎಂದಳು.

"ನೀನು ಅದನ್ನ ಮುಟ್ಟಿದ್ಯಾ?"

"ಸಾಯಾಕ ಬಿಡ್ಲೇನು ಮತ್ತ?"

ಹುಲುಗೇಶನಿಗೆ ಅವಳ ಕಾಲು ಹಿಡಿಯುವಷ್ಟು ಸಂತೋಷವಾಯಿತು. "ಹಂಗಾರ ಹುಳ ಕಣ್ಮರೆ ಆಗಿಲ್ಲ. ವಾಪಸ್ ಕಳಸಂಗಿಲ್ಲ ಅಲ್ಲೇನು?" ಎಂದ.

"ಅದ್ಯಾಕ ಕಳಸ್ಲಿ? ಹೇಳದಾ ಕೇಳದಾ ಕಣ್ಮರೆ ಆದವ್ರು ನೀವು. ನಿಮ್ಮೂರು ತೆಲಿಗಿಗೆ ಫೋನ್ ಹಚ್ಚಿ ನಿಮ್ಮವ್ವನ್ನ ಕೇಳಿದೆ. ವಾಪಸ್ ತಗಳ್ಳಾಕ ಒಲ್ಲೆ ಅಂದ್ರು."